ನಲವತ್ತು ಜನ, ಒಂದೇ ಹಾಲ್, ಮೂರು ಸಾವಿರ ರೂಪಾಯಿ: ಸಂಕ್ರಾಂತಿಯ ಅರಿಶಿನ ಕುಂಕುಮ ಹೇಗೆ ಮಾಡಲಿ?

ಡೊಂಬಿವಲಿಯವಳು
ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ನನ್ನ ತವರು ಧಾರವಾಡ. ಈ ಸಲ ಸಂಕ್ರಾಂತಿಯ ಅರಿಶಿನ ಕುಂಕುಮ ನಮ್ಮ ಮನೆಯಲ್ಲೇ ಮಾಡಬೇಕು ಅಂತ ಆಸೆ. ಸೊಸೈಟಿಯವರು, ಗಂಡನ ಕಡೆಯವರು, ಮಗಳ ಗೆಳತಿಯರ ತಾಯಂದಿರು ಎಲ್ಲ ಸೇರಿ ಸುಮಾರು 40 ಜನ ಆಗುತ್ತಾರೆ.

ನನಗೆ ಚಿಂತೆ ಇರುವುದು ವಾಣದ್ದು, ಅಂದರೆ ಕುಂಕುಮಕ್ಕೆ ಬಂದವರ ಕೈಗೆ ಕೊಡುವ ಉಡುಗೊರೆಯದ್ದು. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ಬಾಚಣಿಗೆ, ಒಂದು ಸ್ಟೀಲ್ ಚಮಚ, ಚಿಕ್ಕ ಕನ್ನಡಿ, ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ಒಬ್ಬರು ಗಾಜಿನ ಡಬ್ಬಿ ಕೊಟ್ಟರೆ ಮುಂದಿನವರು ಡಬ್ಬಿಯ ಸೆಟ್ಟೇ ಕೊಡುತ್ತಾರೆ. ತಲೆಗೆ 150 ರೂಪಾಯಿ ಹಿಡಿದರೂ 40 ಜನಕ್ಕೆ 6000 ಆಯಿತು. ತಿಂಡಿ, ಹೂವು, ಎಳ್ಳು ಬೇರೆ. ನನ್ನ ಹತ್ತಿರ ಇರುವುದು ಒಟ್ಟು 3000. ಸಾಲ ಮಾಡಿ ಕುಂಕುಮ ಹಚ್ಚುವುದು ನನಗೆ ಇಷ್ಟ ಇಲ್ಲ. ಬಂದವರು ಬರಿಗೈಯಲ್ಲಿ ಹೋಗುವುದೂ ಇಷ್ಟ ಇಲ್ಲ. ಏನು ಕೊಡಲಿ, ಏನು ತಿನ್ನಿಸಲಿ ಹೇಳಿ.

ಮುಲುಂಡ್ ಅತ್ತಿಗೆ
ತಿಂಡಿ ನಾನು ಹೇಳುತ್ತೇನೆ. ಧಾರವಾಡದವಳಾಗಿ ಕೇಳುತ್ತೀಯಲ್ಲ! ಗಿರ್ಮಿಟ್ ಮಾಡು. 40 ಜನಕ್ಕೆ ಒಂದೂವರೆ ಕೆಜಿ ಚುರುಮುರಿ ಧಾರಾಳ ಸಾಕು. ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲ ಹಾಕಿದ ಗೊಜ್ಜು ಬೆಳಿಗ್ಗೆಯೇ ಮಾಡಿಟ್ಟುಕೊ. ಐದೈದು ಜನ ಬಂದ ಹಾಗೆ ಚುರುಮುರಿಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ ಕೊಡು. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತೆ, ನೆನಪಿರಲಿ. ನಿನ್ನ ಮರಾಠಿ ನೆಂಟರು ಭೇಳ್ ತಿಂದು ತಿಂದು ಸಾಕಾಗಿರುತ್ತಾರೆ. ಇದು ಹೊಸದು ಅನ್ನಿಸುತ್ತೆ.

ಠಾಣೆ ಲೆಕ್ಕದವ
ನಾನು ಗಂಡಸು, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಸಾಮಾನು ತರುವವನು ನಾನೇ. ತಿಳಗುಳಿಗೆ, ಅಂದರೆ ಎಳ್ಳು ಬೆಲ್ಲದ ಉಂಡೆಗೆ, ಎಳ್ಳು ಅರ್ಧ ಕೆಜಿ, ಚಿಕ್ಕಿ ಬೆಲ್ಲ ಅರ್ಧ ಕೆಜಿ, ಹುರಿದು ಸಿಪ್ಪೆ ತೆಗೆದ ಶೇಂಗಾ ಕಾಲು ಕೆಜಿ. ಸಣ್ಣ ಉಂಡೆ ಕಟ್ಟಿದರೆ 80ರ ಹತ್ತಿರ ಬರುತ್ತವೆ, ಅಂದರೆ ತಲೆಗೆ ಎರಡು. ಡಬ್ಬಿಯಲ್ಲಿ ಬರುವ ರೆಡಿಮೇಡ್ ಲಾಡು ತರಬೇಡಿ, ದುಡ್ಡು ದಂಡ.

ಮಾಟುಂಗಾ ಹಳಬರು
ಉಂಡೆ ಯಾಕೆ? ನಾವು ಎಳ್ಳು ಬೀರುವವರು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಜೊತೆಗೆ ಒಂದು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು. ಮುಂಬೈಯಲ್ಲಿ ಇದ್ದೇವೆ ಅಂತ ನಮ್ಮದು ಬಿಟ್ಟುಬಿಡಬೇಕಾ?

ಘಾಟ್ಕೋಪರ್ ಕರಾವಳಿಯವ
"ನಾವು" ಅಂದರೆ ಯಾರು ಸಾರ್? ನಮ್ಮ ಉಡುಪಿ ಕಡೆ ಮನೆಮನೆಗೆ ಎಳ್ಳು ಬೀರುವ ಪದ್ಧತಿಯೇ ಇಲ್ಲ. ಮಕರ ಸಂಕ್ರಾಂತಿ ಅಂದರೆ ನಮಗೆ ಕೃಷ್ಣಮಠದ ರಥೋತ್ಸವ. ನಮ್ಮಮ್ಮ ಎಳ್ಳುಬೆಲ್ಲ ಕಲಿತದ್ದು ಘಾಟ್ಕೋಪರಿನ ಚಾಳಿನಲ್ಲಿ, ಎದುರುಮನೆಯ ಸಾತಾರದ ಕಾಕುವಿನಿಂದ. ಕನ್ನಡದವರೆಲ್ಲ ಒಂದೇ ಥರ ಹಬ್ಬ ಮಾಡುತ್ತಾರೆ ಅಂದುಕೊಳ್ಳಬೇಡಿ.

ಮಾಟುಂಗಾ ಹಳಬರು
ಒಪ್ಪಿದೆ. ಹಳೆ ಮೈಸೂರಿನ ಕಡೆಯ ಪದ್ಧತಿ ಅಂತ ತಿದ್ದಿಕೊಳ್ಳಿ. ಆದರೆ ಖರ್ಚು ನೋಡಿದರೂ ಎಳ್ಳುಬೆಲ್ಲವೇ ಸುಲಭ. ಪಾಕ ಹಿಡಿಯುವ ಗೋಜಿಲ್ಲ. ಉಂಡೆಯಾದರೆ ಬಿಸಿ ಇರುವಾಗಲೇ ಕಟ್ಟಬೇಕು, ಕೈ ಸುಡುತ್ತೆ, ಆರಿದರೆ ಕಲ್ಲಾಗುತ್ತೆ.

ಬೆಳಗಾವಿ ತವರು
ಚಿಕ್ಕಿ ಬೆಲ್ಲ ತಂದರೆ ಪಾಕದ ಭಯ ಜಾಸ್ತಿ ಇಲ್ಲ. ಒಂದು ಚಮಚ ತುಪ್ಪ ಹಾಕಿ ಕರಗಿಸಿ, ಒಂದು ಹನಿ ನೀರಿಗೆ ಬಿಟ್ಟು ನೋಡಿ. ಗಟ್ಟಿಯಾದರೆ ಒಲೆ ಆರಿಸಿ. ಇಬ್ಬರು ಮೂವರು ಕೂತು ಕಟ್ಟಿದರೆ ಹತ್ತು ನಿಮಿಷದ ಕೆಲಸ. ಮತ್ತೆ ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಸಜ್ಜೆ ರೊಟ್ಟಿಗೆ ಎಳ್ಳು ಹುರಿಯುತ್ತೀರಲ್ಲ, ಆಗಲೇ ಇದಕ್ಕೂ ಸೇರಿಸಿ ಹುರಿದಿಟ್ಟುಬಿಡಿ.

ವಾಶಿ ರೇಖೆ
ಎಲ್ಲರೂ ತಿಂಡಿಯಲ್ಲೇ ಇದ್ದೀರಿ. ಆಕೆ ಕೇಳಿದ್ದು ವಾಣ. ನನ್ನ ಮಾತು: ವಾಣವೇ ಬೇಡ. ಕುಂಕುಮ, ಎಳ್ಳು, ಒಂದು ಹೂವು ಸಾಕು. ನನ್ನ ಅಟ್ಟದ ಮೇಲೆ ಎರಡು ಚೀಲ ತುಂಬ ಪ್ಲಾಸ್ಟಿಕ್ ಬುಟ್ಟಿ, ಸೋಸುವ ಜಾಳಿಗೆ ಬಿದ್ದಿವೆ. ಒಂದನ್ನೂ ಬಳಸಿಲ್ಲ.

ಕಾಂದಿವಲಿ ಅಕ್ಕ
ವಾಶಿಯವರೇ, ಬೇಡ ಅನ್ನುವುದು ನಿಮಗೆ ಸುಲಭ. ಹೊಸದಾಗಿ ಕರೆಯುವವಳು ಏನೂ ಕೊಡದಿದ್ದರೆ ನಾಳೆ ಲಿಫ್ಟಿನಲ್ಲಿ ಮಾತಾಡುವವರು ಇರುತ್ತಾರೆ. ವರ್ಷಕ್ಕೊಮ್ಮೆ ಮಾಡುವುದು. ಒಂದು ಒಳ್ಳೆಯ ಸ್ಟೀಲ್ ಬಟ್ಟಲು ಕೊಡಲಿ. ಪೈಧೋನಿ ಹತ್ತಿರ ತಾಂಬಾ ಕಾಟಾದಲ್ಲಿ ಸಗಟಿನಲ್ಲಿ ತಂದರೆ ಅಗ್ಗ ಬೀಳುತ್ತೆ.

ಪುಣೆ ಕಾಕು
ಪುಣೆಯವರು ಇದಕ್ಕೆ ತುಳಶೀಬಾಗ್, ರವಿವಾರ ಪೇಠ್ ಸುತ್ತುತ್ತೇವೆ. ಆದರೆ ನಾನು ಈಗ ಕೊಡುವುದು ಖರ್ಚಾಗಿ ಹೋಗುವ ವಸ್ತು ಮಾತ್ರ. ಒಂದು ವರ್ಷ ಮನೆಯಲ್ಲೇ ಪುಡಿ ಮಾಡಿದ ಮೆಂತ್ಯದ ಹಿಟ್ಟು ಕೊಟ್ಟೆ. ಇನ್ನೊಂದು ವರ್ಷ ಶೇಂಗಾ ಚಟ್ನಿಪುಡಿ. ಜನ ಇವತ್ತಿಗೂ ಫೋನ್ ಮಾಡಿ ಚಟ್ನಿಪುಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಬಟ್ಟಲು ಕೊಟ್ಟವರ ಹೆಸರು ಯಾರಿಗೆ ನೆನಪಿದೆ?

ಕಾಂದಿವಲಿ ಅಕ್ಕ
ಬಟ್ಟಲಿನ ಮೇಲೆ ಹೆಸರು ಕೆತ್ತಿಸಿದರೆ ನೆನಪಿರುತ್ತೆ ಕಾಕು!

ಚೆಂಬೂರು ಅಜ್ಜಿ
ಹೆಸರು ಕೆತ್ತಿಸುವ ಮಾತು ಬಂತಲ್ಲ, ಅದಕ್ಕೆ ಬರೆಯಲೇಬೇಕು. ನಾನು ಮದುವೆಯಾಗಿ ಬಂದದ್ದು ಪರೇಲಿನ ಚಾಳಿಗೆ. ಒಂದು ಖೋಲಿ, ಹೊರಗೆ ಉದ್ದದ ಪಡಸಾಲೆ, ನಲ್ಲಿ ಎಲ್ಲರಿಗೂ ಒಂದೇ. ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಅದಕ್ಕೇ ಎಲ್ಲರೂ ಹೆಸರು ಕೆತ್ತಿಸುತ್ತಿದ್ದೆವು. ಯಾರ ಮನೆಯಲ್ಲಿ ಕಾರ್ಯ ಇದ್ದರೂ ತಾಟು, ಲೋಟ, ದೊಡ್ಡ ಪಾತೇಲಿ ಹತ್ತು ಮನೆಗಳಿಂದ ಬರುತ್ತಿತ್ತು. ಮಾರನೆಯ ದಿನ ಮಕ್ಕಳು ಹೆಸರು ಓದಿ ಓದಿ ವಾಪಸು ಕೊಡುತ್ತಿದ್ದರು. ನನ್ನ ಮಗ ಮರಾಠಿ ಅಕ್ಷರ ಓದಲು ಕಲಿತದ್ದು ಹಾಗೆ.

ಹೊಸ ಪಾತ್ರೆ ಬರುತ್ತಿದ್ದದ್ದು ಭಾಂಡಿವಾಲಿಯಿಂದ. ತಲೆಯ ಮೇಲೆ ಬುಟ್ಟಿ ಹೊತ್ತು ಮಧ್ಯಾಹ್ನ ಬರುತ್ತಿದ್ದಳು. ಹಳೆ ಸೀರೆ, ಪ್ಯಾಂಟು ಕೊಟ್ಟರೆ ಸ್ಟೀಲ್ ಡಬ್ಬಿ. ನಮ್ಮ ಅತ್ತೆ ಅವಳ ಜೊತೆ ಒಂದು ಗಂಟೆ ಚೌಕಾಶಿ ಮಾಡುತ್ತಿದ್ದರು. ಸೀರೆಯ ಅಂಚು ಎಳೆದು ನೋಡುವಳು, ಬಿಸಿಲಿಗೆ ಹಿಡಿದು ನೋಡುವಳು. ಕೊನೆಗೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ನನ್ನ ಅಡುಗೆಮನೆಯ ಅಕ್ಕಿ ಡಬ್ಬಿ ಇವತ್ತಿಗೂ ಅದೇ.

ಘಾಟ್ಕೋಪರ್ ಕರಾವಳಿಯವ
ಅಜ್ಜಿ, ನಮ್ಮ ಚಾಳಿಗೂ ಬರುತ್ತಿದ್ದಳು! ನಮ್ಮಪ್ಪನ ಟೆರಿಕಾಟ್ ಪ್ಯಾಂಟಿಗೆ ಅಮ್ಮ ದೊಡ್ಡ ಪಾತೇಲಿ ತೆಗೆದುಕೊಂಡಿದ್ದರು. ಅಪ್ಪ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದರು. ಆ ಪ್ಯಾಂಟು ಹುಡುಕಿ ಸಾಕಾಗಿ ಆಮೇಲೆ ಪಾತೇಲಿ ನೋಡಿ ಅರ್ಥ ಮಾಡಿಕೊಂಡರು.

ಬೆಳಗಾವಿ ತವರು
ಹಳೆ ಸೀರೆ ಅಂದಿರಲ್ಲ, ಅದೇ ಉತ್ತರ! ಡೊಂಬಿವಲಿಯವರೇ, ಮನೆಯಲ್ಲಿ ಹಳೆಯ ಹತ್ತಿ ಸೀರೆಗಳಿದ್ದರೆ ಬಜಾರಿಗೆ ಒಯ್ಯುವ ಚೀಲ ಹೊಲಿಸಿ. ಅಂಚು ಬರುವ ಭಾಗವನ್ನು ಹಿಡಿಕೆಗೆ ಇಟ್ಟರೆ ಗಟ್ಟಿ. ಸೀರೆ ಸವೆದಿದ್ದರೆ ಎರಡು ಪದರ ಮಾಡಿಸಿ. ಒಂದು ಸೀರೆಗೆ ಎರಡು ಪದರದ ಚೀಲ ಏಳೆಂಟಾದರೂ ಬರುತ್ತವೆ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಕೈಚೀಲ, ಥರ್ಮೋಕೋಲ್ ತಟ್ಟೆ ನಿಷೇಧ ಆದಾಗಿನಿಂದ ತರಕಾರಿಗೆ ಬಟ್ಟೆ ಚೀಲ ಎಲ್ಲರಿಗೂ ಬೇಕು. ಬಂದವರು ವಾರಕ್ಕೆರಡು ಸಲ ಬಳಸುತ್ತಾರೆ. ಅಟ್ಟ ಸೇರುವುದಿಲ್ಲ.

ಕಾಂದಿವಲಿ ಅಕ್ಕ
ಉಟ್ಟ ಸೀರೆಯನ್ನು ಹಬ್ಬದಲ್ಲಿ ಕೊಡುವುದಾ? ನನಗೆ ಸರಿ ಕಾಣುವುದಿಲ್ಲ. ವಾಣ ಹೊಸದಿರಬೇಕು.

ಬೆಳಗಾವಿ ತವರು
ನಮ್ಮ ಕಡೆ ಹೆತ್ತ ಮಗುವನ್ನು ಮೊದಲು ಮಲಗಿಸುವುದೇ ಅಜ್ಜಿಯ ಹಳೆ ಸೀರೆಯ ಕೌದಿಯ ಮೇಲೆ. ಉಟ್ಟ ಬಟ್ಟೆ ಕೂಸಿಗೆ ಆಗುತ್ತೆ, ಅಕ್ಕಪಕ್ಕದವರಿಗೆ ಆಗುವುದಿಲ್ಲವಾ? ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಹೊಲಿದ ಮೇಲೆ ಹೊಸದೇ.

ಮುಲುಂಡ್ ಅತ್ತಿಗೆ
ಕಾಂದಿವಲಿಯವರ ಮಾತನ್ನೂ ತಳ್ಳಿಹಾಕಬೇಡಿ. ಕೆಲವರಿಗೆ ಮಡಿ ಮೈಲಿಗೆ ಇರುತ್ತೆ. ಹಾಗಿದ್ದರೆ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಹತ್ತಿ ಬಟ್ಟೆಯ ಉಳಿಕೆ ತುಂಡು ಸಿಗುತ್ತೆ, ಅದರಲ್ಲಿ ಹೊಲಿಸಬಹುದು.

ಡೊಂಬಿವಲಿಯವಳು
ಚೀಲದ ಉಪಾಯ ನನಗೆ ತುಂಬ ಹಿಡಿಸಿತು. ನಮ್ಮ ಬೀದಿಯ ಟೇಲರ್ ಅಕ್ಕನನ್ನು ಕೇಳಿದೆ. ಚೀಲಕ್ಕೆ 20 ರೂಪಾಯಿ ಹೊಲಿಗೆ ಅಂದಳು. 40ಕ್ಕೆ 800. ಅವ್ವನ ಹಳೆಯ ಹತ್ತಿ ಸೀರೆ ಒಂದು ಗಂಟು ಇಲ್ಲೇ ಇದೆ.

ಇನ್ನೊಂದು ಮಾತು. ಮೊದಲೇ ಹೇಳಲು ಮನಸ್ಸಾಗಲಿಲ್ಲ. ಅವ್ವ ಆ ವಾರ ಇಲ್ಲೇ ಇರುತ್ತಾಳೆ. ಅಪ್ಪ ಹೋದ ಮೇಲೆ ಇಂಥ ಕಾರ್ಯದಲ್ಲಿ ಅವಳು ಹೊರಗೆ ಬರುವುದಿಲ್ಲ. ಅಡುಗೆಮನೆಯಲ್ಲಿ ಕೂತು ಎಲ್ಲ ಮಾಡಿಕೊಡುತ್ತಾಳೆ, ಬಾಗಿಲು ಅರ್ಧ ಹಾಕಿಕೊಳ್ಳುತ್ತಾಳೆ. ಅವಳ ಸೀರೆಯ ಚೀಲ ಎಲ್ಲರ ಕೈಗೆ ಹೋಗಬೇಕು, ಅವಳು ಮಾತ್ರ ಒಳಗಿರಬೇಕು ಅಂದರೆ ನನ್ನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ. ಅವಳನ್ನು ಹೊರಗೆ ಕೂರಿಸಿದರೆ ನನ್ನ ಅತ್ತೆ ಕಡೆಯವರು ಏನನ್ನುತ್ತಾರೋ ಗೊತ್ತಿಲ್ಲ.

ಮಾಟುಂಗಾ ಹಳಬರು
ಇದು ಸೂಕ್ಷ್ಮ ವಿಷಯ. ಬಂದ ನಲವತ್ತು ಜನರಲ್ಲಿ ನಾಲ್ಕು ಹಿರಿಯರಿಗೆ ಬೇಸರವಾಗಬಹುದು. ನಿಮ್ಮ ತಾಯಿಯವರೇ ಬೇಡ ಅಂದರೆ ಒತ್ತಾಯ ಮಾಡಬೇಡಿ. ಅವರಿಗೆ ಮುಜುಗರ ಆಗಬಾರದು.

ಚೆಂಬೂರು ಅಜ್ಜಿ
ಹಳಬರೇ, ನನಗೂ ಗಂಡ ಇಲ್ಲ. ಯಾರೂ ನನಗೆ ಬರಬೇಡ ಅನ್ನಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಯಾರ ಮಕ್ಕಳಿಗೆ ನಾನು ಎಣ್ಣೆ ಹಚ್ಚಿ ನೀರು ಹಾಕಿದ್ದೇನೋ ಅವರ ಮದುವೆಗೂ ಹಿಂದಿನ ಕುರ್ಚಿ. "ಅವರೇ ಬೇಡ ಅಂದರು" ಅನ್ನುತ್ತೀರಿ. ಎಲ್ಲರ ಮುಖ ನೋಡಿ ನಾವೇ ಮೊದಲು ಬೇಡ ಅನ್ನುತ್ತೇವೆ, ಯಾಕೆಂದರೆ ಬೇರೆಯವರು ಅನ್ನುವುದನ್ನು ಕೇಳಲು ಆಗುವುದಿಲ್ಲ. ಮಗಳೇ, ಒಂದು ಸಲ ಕೇಳಿ ಬಿಡಬೇಡ. ನಾಲ್ಕು ಸಲ ಕೇಳು.

ಪುಣೆ ಕಾಕು
ಅಜ್ಜಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಮ್ಮ ಪುಣೆಯಲ್ಲೇ 1852ರಲ್ಲಿ ಸಾವಿತ್ರಿಬಾಯಿ ಫುಲೆ ಸಂಕ್ರಾಂತಿಗೆ ತಿಳಗುಳ ಸಮಾರಂಭ ಮಾಡಿದ್ದರು. ಯಾವ ಜಾತಿಯವರೇ ಬರಲಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರಬೇಕು ಅಂತ ಆಹ್ವಾನದಲ್ಲೇ ಹೇಳಿದ್ದರು. ಆ ಕಾಲದಲ್ಲಿ ಅವರಿಗೆ ಆಗಿದ್ದು ಡೊಂಬಿವಲಿಯ ಒಂದು ಹಾಲ್‌ನಲ್ಲಿ ಇವತ್ತು ಆಗುವುದಿಲ್ಲವಾ?

ಬೆಳಗಾವಿ ತವರು
ಅಷ್ಟು ಹಿಂದೆ ಹೋಗುವುದೇ ಬೇಡ. ನಮ್ಮ ಗಡಿಗೆ ಅಂಟಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕೀಳುವುದು ನಿಲ್ಲಬೇಕು ಅಂತ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಹೀಗೇ ಮಾಡಲಿ ಅಂತ ಸುತ್ತೋಲೆ ಕಳಿಸಿತು. ಹಳ್ಳಿಯವರು ಮಾಡಿದರು. ನಾವು ಸಿಟಿಯವರು ಇನ್ನೂ ಅತ್ತೆಯ ಮುಖ ನೋಡುತ್ತಾ ಕೂತಿದ್ದೇವೆ.

ಮಾಟುಂಗಾ ಹಳಬರು
ನಾನು ಕರೆಯಬಾರದು ಅನ್ನಲಿಲ್ಲ. ಆಕೆಯ ಮನಸ್ಸು ನೋಡಿ ಅಂದೆ. ಅಜ್ಜಿ ಬರೆದದ್ದು ಓದಿದ ಮೇಲೆ ನಾಲ್ಕು ಸಲ ಕೇಳುವುದೇ ಸರಿ ಅನ್ನಿಸುತ್ತೆ.

ವಾಶಿ ರೇಖೆ
ಆಹ್ವಾನದ ಮೆಸೇಜಿನಲ್ಲೇ ಬರೆದುಬಿಡಿ: "ಎಲ್ಲ ಹೆಂಗಸರೂ ಬನ್ನಿ, ಮನೆಯ ಹಿರಿಯರನ್ನೂ ಕರೆತನ್ನಿ." ಯಾರಿಗೆ ಸರಿ ಬರುವುದಿಲ್ಲವೋ ಅವರು ಬರದೇ ಇರಬಹುದು. ಬಾಗಿಲಲ್ಲಿ ಜಗಳ ಇರುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಹೀಗೆ ಮಾಡಿದ ಮೇಲೆ ಮೊದಲು ಬಂದು ಕೂತವರೇ ಎಪ್ಪತ್ತು ದಾಟಿದವರು.

ಮಡಗಾಂವ್‌ನಿಂದ
ಗೋವಾದಿಂದ ಒಂದು ಪ್ರಶ್ನೆ, ಸ್ವಲ್ಪ ಬೇರೆ ವಿಷಯ. ಕಪ್ಪು ಸೀರೆ ಉಡುತ್ತೀರಾ? ನನ್ನ ನಾದಿನಿ ಠಾಣೆಯವಳು, ಕಪ್ಪು ಸೀರೆ ಕಳಿಸಿದ್ದಾಳೆ. ನಮ್ಮ ಹಾಸನದ ಅಮ್ಮ ಹಬ್ಬದ ದಿನ ಕಪ್ಪಾ ಅಂತ ಕೇಳುತ್ತಿದ್ದಾರೆ.

ಪುಣೆ ಕಾಕು
ಧಾರಾಳ ಉಡಿ. ಇಲ್ಲಿ ವರ್ಷದಲ್ಲಿ ಹಬ್ಬಕ್ಕೆ ಕಪ್ಪು ಉಡುವುದು ಇದೊಂದೇ ಸಲ. ಚಳಿಗಾಲ, ಕಪ್ಪು ಬಟ್ಟೆ ಬಿಸಿಲಿನ ಕಾವು ಹಿಡಿದಿಡುತ್ತೆ ಅಂತ ಹೇಳುತ್ತಾರೆ. ಹೊಸ ಮದುಮಗಳಿಗೆ ಕಪ್ಪು ಸೀರೆಯ ಮೇಲೆ ಹಲ್ವಾದ, ಅಂದರೆ ಸಕ್ಕರೆಯ ಪುಟ್ಟ ಕಾಳುಗಳ, ಒಡವೆ ಹಾಕುತ್ತಾರೆ. ಬಿಳಿ ಕಾಳುಗಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ನೋಡಲು ಎಷ್ಟು ಚೆಂದ ಗೊತ್ತಾ?

ಘಾಟ್ಕೋಪರ್ ಕರಾವಳಿಯವ
ಮುಂಬೈಯಲ್ಲಿ ಚಳಿ ಎಲ್ಲಿದೆ ಕಾಕು? ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಬೇಕು.

ಬೆಳಗಾವಿ ತವರು
ಕಪ್ಪು ಮರಾಠಿಯವರದ್ದು ಮಾತ್ರ ಅಲ್ಲ. ನಮ್ಮ ಉತ್ತರ ಕರ್ನಾಟಕದಲ್ಲೂ ಚಂದ್ರಕಾಳಿ ಸೀರೆ ಇದೆ. ಕಪ್ಪು ಇಳಕಲ್, ಕೆಂಪು ತೋಪ್ ತೆನಿ ಸೆರಗು, ಅದಕ್ಕೆ ಗುಳೇದಗುಡ್ಡದ ಖಣದ ಕುಪ್ಪಸ. ಇದಕ್ಕಿಂತ ಬೇಕಾ? ಈಗ ದಾದರಿನ ಅಂಗಡಿಗಳಲ್ಲಿ ಖಣದ ಸೀರೆ, ಖಣದ ಪರ್ಸ್, ಖಣದ ತೋರಣ ಎಲ್ಲ ಬಂದಿವೆ. ನಮ್ಮ ಅಜ್ಜಿ ಹೊಲಕ್ಕೆ ಹೋಗುವಾಗ ತೊಡುತ್ತಿದ್ದ ಬಟ್ಟೆ ಈಗ ಫ್ಯಾಷನ್. ನನಗಂತೂ ಹೆಮ್ಮೆ.

ಕಾಂದಿವಲಿ ಅಕ್ಕ
ಹೌದು, ಆದರೆ ಪವರ್‌ಲೂಮಿನ ನಕಲು ಜಾಸ್ತಿ ಬಂದಿದೆ. ಇಳಕಲ್‌ಗೆ ಜಿಐ (ಭೌಗೋಳಿಕ ಸೂಚಕ) ಗುರುತು ಇದೆ, ಕೇಳಿ ತೆಗೆದುಕೊಳ್ಳಿ. ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೀರೆ ತಿರುಗಿಸಿ ಆ ಜಾಗ ನೋಡಿದರೆ ತಿಳಿಯುತ್ತೆ.

ಠಾಣೆ ಲೆಕ್ಕದವ
ಮತ್ತೆ ಲೆಕ್ಕಕ್ಕೆ ಬರೋಣ. ಚೀಲ 800. ಎಳ್ಳು, ಬೆಲ್ಲ, ಶೇಂಗಾ ಸುಮಾರು 250. ಗಿರ್ಮಿಟ್ ಸಾಮಾನು 600 ಹಿಡಿಯಿರಿ. ಹೂವು ದಾದರ್ ಹೂವಿನ ಮಾರ್ಕೆಟ್ಟಿನಿಂದ ಬೆಳಿಗ್ಗೆ ಬೇಗ ತಂದರೆ 300. ಪತ್ರಾವಳಿ ದೊನ್ನೆ, ಚಹಾ, ಹಾಲು, ಅರಿಶಿನ ಕುಂಕುಮ ಸೇರಿ 500. ಒಟ್ಟು 2450. ಮಿಕ್ಕಿದ್ದು ಕೈಯಲ್ಲಿರಲಿ. ತಾಟು ತೊಳೆಯುವ ಯೋಚನೆ ಬೇಡ, ನಿಮ್ಮಲ್ಲಿ ನೀರು ಹೊತ್ತಿಗೆ ಸರಿಯಾಗಿ ಬರುತ್ತೋ ಇಲ್ಲವೋ.

ವಾಶಿ ರೇಖೆ
ಸಂಕ್ರಾಂತಿ ಪೂಜೆಗೆ ಇಡುವ ಸುಗಡ್ ಮರೆತಿರಿ. ಐದು ಮಣ್ಣಿನ ಗಡಿಗೆ, ಒಳಗೆ ಹಸಿ ಕಡಲೆ, ಕ್ಯಾರೆಟ್, ಬೋರೆಹಣ್ಣು, ಕಬ್ಬಿನ ತುಂಡು. ಧಾರಾವಿ ಕುಂಭಾರವಾಡಾದಲ್ಲಿ ಅಗ್ಗ.

ಮುಲುಂಡ್ ಅತ್ತಿಗೆ
40 ಜನರನ್ನು ಒಟ್ಟಿಗೆ ಕರೆಯಬೇಡ. ಸೊಸೈಟಿಯವರಿಗೆ ನಾಲ್ಕು ಗಂಟೆ, ಆಫೀಸಿಗೆ ಹೋಗುವವರಿಗೆ ಏಳು ಗಂಟೆ ಅಂತ ಹೇಳು. ಪಾಪ, ಲೋಕಲ್‌ನಲ್ಲಿ ನಿಂತು ಬಂದವರಿಗೆ ಕೂರಲು ಜಾಗ ಇರಬೇಕು. ರಥಸಪ್ತಮಿಯವರೆಗೆ ಯಾವ ದಿನವಾದರೂ ನಡೆಯುತ್ತೆ. ಸಂಕ್ರಾಂತಿಯ ದಿನವೇ ಆಗಬೇಕು ಅಂತಿಲ್ಲ.

ಡೊಂಬಿವಲಿಯವಳು
ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ತುಂಬ ಉಪಕಾರ ಆಯಿತು. ಹಬ್ಬ ಕಳೆದ ಮೇಲಿನ ಭಾನುವಾರ ಇಟ್ಟುಕೊಂಡಿದ್ದೇನೆ, ಎರಡು ಸರತಿ. ಉಂಡೆಯನ್ನು ಅವ್ವ, ನಾನು, ಮಗಳು ಕೂತು ಕಟ್ಟುತ್ತೇವೆ. ಸೀರೆಯ ಗಂಟು ಬಿಚ್ಚಿ ಅವ್ವನಿಗೆ ಫೋಟೊ ಕಳಿಸಿದೆ. ಯಾವುದನ್ನು ಕತ್ತರಿಸಬಹುದು, ಯಾವುದನ್ನು ಬಿಡಬೇಕು ಅಂತ ಅವಳೇ ಫೋನಿನಲ್ಲಿ ಹೇಳಿದಳು.

ಅತ್ತೆಯ ಹತ್ತಿರವೂ ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅವ್ವ ಚೀಲ ಹಂಚಲಿ, ಕುಂಕುಮ ನಾನು ಹಚ್ಚುತ್ತೇನೆ, ಅವರಿಗೂ ಹಚ್ಚುತ್ತೇನೆ" ಅಂದರು. ಅವ್ವ ಇನ್ನೂ ಹೂಂ ಅಂದಿಲ್ಲ. ಎರಡು ಸಲ ಕೇಳಿದ್ದೇನೆ, ಅಜ್ಜಿ ಹೇಳಿದಂತೆ ಇನ್ನೂ ಕೇಳುತ್ತೇನೆ.

ಚೆಂಬೂರು ಅಜ್ಜಿ
ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ನಿಮ್ಮ ಅವ್ವನಿಗೆ ನನ್ನ ನಂಬರ್ ಕೊಡು, ನಾನೇ ಮಾತಾಡುತ್ತೇನೆ. ಮೆಸೇಜಿನಲ್ಲಿ ಕಳಿಸಿದ್ದೇನೆ ನೋಡು.

ಮಡಗಾಂವ್‌ನಿಂದ
ನಾನು ಕಪ್ಪು ಉಡುವುದು ಅಂತ ತೀರ್ಮಾನ ಮಾಡಿದೆ. ಅಮ್ಮ ಜರಿ ಅಂಚು ಇದ್ದರೆ ಪರವಾಗಿಲ್ಲ ಅಂದರು.

ಘಾಟ್ಕೋಪರ್ ಕರಾವಳಿಯವ
ಮುಲುಂಡ್ ಅತ್ತಿಗೆ, ಗಿರ್ಮಿಟ್‌ಗೆ ಮಿರ್ಚಿ ಬಜ್ಜಿ ಇಲ್ಲದೆ ಹೇಗೆ? ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ನಾನು ತಿಂದಾಗ ಜೊತೆಗೇ ಕೊಟ್ಟಿದ್ದರು.

ಮುಲುಂಡ್ ಅತ್ತಿಗೆ
40 ಜನಕ್ಕೆ ಒಬ್ಬಳೇ ಎಣ್ಣೆ ಮುಂದೆ ನಿಲ್ಲಬೇಕಾ? ಮಿರ್ಚಿ ಬೇಕಾದವರು ಬೇರೆ ದಿನ ನಮ್ಮ ಮನೆಗೆ ಬನ್ನಿ. ದಪ್ಪ ಭಾವನಗರಿ ಮೆಣಸಿನಕಾಯಿ ತರುವುದು ನಿಮ್ಮ ಕೆಲಸ, ಕರಿಯುವುದು ನನ್ನದು.